ಗುಲಗಂಜಿಯ ಕೆನ್ನೆ

ಚಚಡಿ, ೨೬ ಜೂನ್ ೧೯೧೧, ಸೋಮವಾರ

ಮಣ್ಣೆತ್ತಿನ ಅಮಾವಾಸ್ಯೆ. ಸಾಲೆ ಅರ್ಧ ದಿನ. ಸಾಲೆ ತಪಾಸಣೆಗೆ ಬಂದಿದ್ದ ಡೆಪ್ಯುಟಿ ಸಾಹೇಬರ ರಿಪೋರ್ಟ್ ಬಂತು, ನನ್ನ ಬಗ್ಗೆ — 'ಈ ಮಾಸ್ತರರು ಬೆತ್ತ ಮುಟ್ಟುವುದಿಲ್ಲ, ಆದರೂ ಶಿಸ್ತಿದೆ.' ಎರಡು ಸಲ ಓದಿದೆ. ಸುಳ್ಳೇಕೆ, ಮೂರು ಸಲ.

ಮನೆಗೆ ಬಂದರೆ ಸ್ನಾನಕ್ಕೆ ನೀರು ಕಾಸಿರಲಿಲ್ಲ. ಇಂದ್ರವ್ವನ ಮೇಲೆ ಕೈ ಹೋಯಿತು. ಗಂಡಹೆಂಡಿರಿದ್ದ ಮನೆಯಲ್ಲಿ ಇದ್ದದ್ದೇ. ಮಗಳು ಸಾವಂತ್ರೆವ್ವ ಮೂಲೆಯಲ್ಲಿ ಕುಳಿತು ಮಣ್ಣು ನಾದುತ್ತಿದ್ದಳು. ಆರು ವರ್ಷದ ಕೂಸು, ಅದಕ್ಕೇನು ತಿಳಿಯುತ್ತದೆ.

೨೭ ಜೂನ್, ಮಂಗಳವಾರ

ಆಷಾಢದ ಮಂಗಳವಾರಗಳ ಹಬ್ಬ, ಮೊದಲ ಗುಳ್ಳವ್ವ. ಓಣಿಯ ಹುಡುಗಿಯರೆಲ್ಲ ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಮೆತ್ತಿ, ಆರತಿ ಹಿಡಿದು ಮನೆಮನೆಗೆ. ನಮ್ಮವಳ ಗುಳ್ಳವ್ವನಿಗೆ ಒಂದೇ ಕೆನ್ನೆಯ ತುಂಬ ಕೆಂಪು ಗುಲಗಂಜಿ.

"ಇದೇನವ್ವಾ, ಒಂದ ಗಲ್ಲಕ್ಕ ಇಷ್ಟ ಸಿಂಗಾರ?"

"ಸಿಂಗಾರ ಅಲ್ಲಪ್ಪಾ. ನಿನ್ನೆ ಅವ್ವನ ಗಲ್ಲ ಹಿಂಗ ಆಗಿತ್ತಲಾ."

ನಕ್ಕುಬಿಟ್ಟೆ. ಇಂದ್ರವ್ವ ಒಳಗೆ ಹೋದಳು.

೪ ಜುಲೈ, ಮಂಗಳವಾರ

ಎರಡನೇ ಗುಳ್ಳವ್ವ. ಕಟ್ಟೆಯ ಮೇಲೆ ಗಂಡ-ಹೆಂಡತಿ ಆಟ. ಸಾವಂತ್ರೆವ್ವ ಗಂಡ. ನೆರೆಮನೆಯ ಚನ್ನವ್ವ, ನಾಲ್ಕು ವರ್ಷದವಳು, ಹೆಂಡತಿ. ನಮ್ಮವಳು ಅವಳಿಗೆ ಊದುಗೊಳವೆಯಿಂದ ಹೊಡೆದಿದ್ದಾಳೆ. ಹುಬ್ಬು ಒಡೆದು ರಕ್ತ. ಆ ಕೂಸಿನ ತಾಯಿ ಗುರವ್ವ ಎತ್ತಿಕೊಂಡೇ ಬಂದಳು.

"ನಿಮ್ಮ ಸಾಲ್ಯಾಗ ಹೊಡ್ತ ಬಡ್ತ ಇಲ್ಲ ಅಂತಾರಲ್ರಿ ಮಾಸ್ತರ, ಇಕಿ ಯಾವ ಸಾಲ್ಯಾಗ ಕಲತಾಳ?"

"ಯಾಕ ಬಡದಿ?" ಎಂದೆ ಮಗಳಿಗೆ.

"ನೀರ ಕಾಸಿರಲಿಲ್ಲಪ್ಪಾ ಅಕಿ."

ಗುರವ್ವ ಇಂದ್ರವ್ವನ ಮುಖ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಹೊಡೆಯಬಾರದು, ಹೊಡೆಯಬಾರದು ಎನ್ನುತ್ತಲೇ ಮಗಳನ್ನು ಹೊಡೆದೆ. ಅಳಲಿಲ್ಲ. ತಾಯಿಯ ಹಾಗೆಯೇ ಬಾಯಿಗೆ ಕೈ ಒತ್ತಿಕೊಂಡು ನಿಂತಳು.

೧೮ ಜುಲೈ, ಮಂಗಳವಾರ

ಹದಿನಾಲ್ಕು ದಿನ ಬರೆಯಲಿಲ್ಲ. ಏನು ಬರೆಯಲಿ... ಚನ್ನವ್ವನ ಹುಬ್ಬಿನ ಕಲೆ ಹೋಗುವುದಿಲ್ಲವಂತೆ. ಸಾವಂತ್ರೆವ್ವನನ್ನು ಆರತಿಗೆ ಯಾರೂ ಕರೆಯುತ್ತಿಲ್ಲ. ಕದದ ಸಂದಿಯಲ್ಲಿ ನಿಂತು ನೋಡುತ್ತಾಳೆ.

ಹುಡುಗರಿಗೆ ಈ ವಾರ ಕಾಪಿ ಬರೆಯಲು ಕೊಟ್ಟ ಗಾದೆ — ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ. ಹಲಗೆಯ ಮೇಲೆ ಬರೆದವನು ನಾನೇ. ಮುಗಿಸಲು ಆಗಲಿಲ್ಲ.

ಇಂದ್ರವ್ವನಿಗೆ ತಪ್ಪಾಯಿತು ಎಂದೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ.

"ನನಗ ರೂಢಿ ಆಗೈತ್ರಿ," ಎಂದಳು. "ಅಕಿಗೆ ಆಗೂದು ಬ್ಯಾಡ."

೨೫ ಜುಲೈ, ಮಂಗಳವಾರ, ಬೆಳಿಗ್ಗೆ

ಕೊನೆಯ ಗುಳ್ಳವ್ವ. ಎದ್ದು ನೋಡಿದರೆ ಬಚ್ಚಲ ಒಲೆಯ ಮುಂದೆ ಸಾವಂತ್ರೆವ್ವ. ಹೊಗೆಗೆ ಕಣ್ಣು ಕೆಂಪಾಗಿವೆ. ಕೈಯಲ್ಲಿ ಅದೇ ಊದುಗೊಳವೆ.

"ಅವ್ವನ್ನ ಎಬ್ಬಸಬ್ಯಾಡಪ್ಪಾ. ನೀರು ನಾ ಕಾಸೇನಿ. ಇವತ್ತ ಇಬ್ಬರಿಗೂ ಬಡೀಬ್ಯಾಡ."

ಮೂರು ವಾರದಿಂದ ಕೈ ಎತ್ತಿಲ್ಲ ನಾನು. ಅದು ಕೂಸಿಗೆ ಗೊತ್ತೇ ಆಗಿಲ್ಲ. ದಿನಾ ಕಾಯುತ್ತಲೇ ಇದೆ.

ಬಚ್ಚಲಲ್ಲಿ ಕುಳಿತೆ. ನೀರು ಹದವಾಗಿ ಕಾದಿತ್ತು. ತಂಬಿಗೆ ತುಂಬಿದೆ. ಮೈಮೇಲೆ ಹಾಕಿಕೊಳ್ಳಲು ಕೈ ಏಳಲಿಲ್ಲ.