ಅರಲ್ ಸಮುದ್ರವೂ ನಮ್ಮ ಕೆರೆಯ ತೂಬೂ

ಅಲ್ಲ ಭಾಮೈದ, ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತಲ್ಲ, ಇಲ್ಲಿ ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ಮಗಳ ಮನೆಯ ಟೀವಿಯಲ್ಲಿ ನೋಡಿದ ಅರಲ್ ಸಮುದ್ರದ ಡಾಕ್ಯುಮೆಂಟರಿ, ಅದರಲ್ಲಿ ಮರಳಿನ ಮೇಲೆ ನಿಂತ ಹಡಗಿನ ನೆರಳಿನಲ್ಲಿ ಒಂಟೆಗಳು ಮಲಗಿದ್ದವು. ಹತ್ತಿಗೆಂದು ನದಿ ತಿರುಗಿಸಿ ಸಮುದ್ರವನ್ನೇ ಒಣಗಿಸಿದ ಮಹಾನುಭಾವರು. ಈಗ ಆ ನದಿಯ ಮೇಲ್ಭಾಗದ ದೇಶದ ಮಂತ್ರಿ ಕೆಳಗಿನವರಿಗೆ ಮಾತುಕತೆಯ ಉಪದೇಶ ಮಾಡುತ್ತಾನೆ, ಅಣೆಕಟ್ಟಿನ ಗೇಟು ಮಾತ್ರ ತೆಗೆಯುವುದಿಲ್ಲ. ಶೇಮ್‌ಲೆಸ್ ಕ್ರೀಚರ್ಸ್ ಎಂದು ಗಟ್ಟಿಯಾಗಿಯೇ ಬೈದೆ. ಪಕ್ಕದಲ್ಲಿದ್ದ ಮಗಳು, "ನೀವು ಅಧ್ಯಕ್ಷರಾಗಿರೋ ಊರಿನ ಕೆರೆ ಕಮಿಟಿ ಥರಾನೇ ಅಲ್ವಾಪ್ಪ" ಎಂದಳು.

ಮಂಡಿನೋವು ಪರವಾಗಿಲ್ಲ. ಕೆರೆ ತೂಬಿನ ಬೀಗದ ಕೀ ಕಳೆದಿದೆ ಎಂದು ನಾನು ಹೇಳಿದ್ದು ಸುಳ್ಳು. ನಾನಿಲ್ಲದಾಗ ಕೆಳಗದ್ದೆಯವರು ನೀರು ಬಿಟ್ಟುಕೊಳ್ಳದಿರಲಿ ಎಂದು ಸೂಟ್‌ಕೇಸಿನಲ್ಲಿ ಹೊತ್ತು ತಂದೆ. ಬೀಗ ಒಡೆಸಿಬಿಡು. ನಿನ್ನಕ್ಕ ಇದ್ದಿದ್ದರೆ, ನಾನು ಆ ಬೀಗ ಹಾಕಿಸಿದ ಹೋದ ವರ್ಷವೇ ಒಡೆಸುತ್ತಿದ್ದಳು. ಬೆಳಕು ಹೋಗುತ್ತಿದೆ, ಬರೆದದ್ದು ನನಗೇ ಕಾಣುತ್ತಿಲ್ಲ.