ಹತ್ತು ದಿನದ ಸರಪಳಿ

೯ ನವೆಂಬರ್ ೨೦೨೫, ರವಿವಾರ. ಬೆಳಗ್ಗೆ ೫

ಕೆಟ್ಟ ಕನಸು. ನೀರು ಕುಡಿಯಲು ತಂಬಿಗೆ ಎತ್ತಿದೆ, ಗಂಟಲು ತೆರೆಯಲೇ ಇಲ್ಲ. ಎದ್ದವಳೇ ಒಂದು ಲೋಟ ನೀರು ಕುಡಿದು ನೋಡಿದೆ. ಇಳಿಯಿತು. ಮತ್ತೊಂದು ಲೋಟ ಕುಡಿದೆ. ಅದೂ ಇಳಿಯಿತು.

ನಿನ್ನೆ ಸಂಜೆ ಗೋಡೌನ್ ಹಿಂದೆ ಕಟ್ಟಿಗೆ ಆರಿಸುವಾಗ ಅಲ್ಲೇ ಬಿದ್ದಿರುವ ಆ ಕಂದು ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಬಾಲ ತುಳಿದೆನೋ ಏನೋ. ಎರಡು ಹಲ್ಲು ಇಳಿದಿವೆ. ಸಾಬೂನು ಹಚ್ಚಿ ತೊಳೆದೆ. ಇವರು ಅರಿಶಿನ ತಂದರು. ಮಗಳು ಮಲ್ಲಿಕಾ ಬೇಡವೇ ಬೇಡ ಎಂದಳು — ಫೋನಿನಲ್ಲಿ ಓದಿದಳಂತೆ.

ಮಧ್ಯಾಹ್ನ

ಸರ್ಕಾರಿ ದವಾಖಾನೆ ಆಯಿತು. ಎರಡೂ ತೋಳಿಗೆ ಸೂಜಿ, ಗಾಯದ ಸುತ್ತಲೂ ಸೂಜಿ. ಮುಂದಿನದು ಬುಧವಾರ, ಆಮೇಲೆ ರವಿವಾರ, ಕೊನೆಯದು ಡಿಸೆಂಬರಿನಲ್ಲಿ. ಸಿಸ್ಟರ್ ವಾರಿಜಾ ಉಡುಪಿಯವರು, ಈ ಮರಾಠಿ ಊರಲ್ಲಿ ಕನ್ನಡ ಕೇಳಿ ಜೀವ ಬಂತು.

"ನಾಯಿ ಮೇಲೆ ಹತ್ತು ದಿನ ಕಣ್ಣಿಡಿ. ಅದು ಸರಿ ಇದ್ರೆ ನಿಮಗೆ ಏನೂ ಆಗ್ಲಿಕ್ಕಿಲ್ಲ ಮಾರಾಯ್ರೆ."

ಸರಿ ಇಲ್ಲದಿದ್ದರೆ, ಹುಚ್ಚು ಹಿಡಿದಿದ್ದರೆ? ಇಂಜೆಕ್ಷನ್ ಉಂಟಲ್ಲ ಎಂದರು. ಆ ‘ಉಂಟಲ್ಲ’ ತಲೆಯಲ್ಲೇ ಕೂತಿದೆ.

೧೦, ಸೋಮವಾರ

ದೂರು ಕೊಡಲು ಗ್ರಾಮಪಂಚಾಯತಿಗೆ ಹೋದೆವು. ಹೊಸ ನಿಯಮದ ಕಾಗದ ಗೋಡೆಗೆ ಅಂಟಿಸಿದ್ದಾರೆ, ಮರಾಠಿಯಲ್ಲಿ. ನನ್ನದು ಮೂರನೇ ಇಯತ್ತೆ, ಅದೂ ಕನ್ನಡ. ಮಲ್ಲಿಕಾ ಓದಿ ಹೇಳಿದಳು. ಕಚ್ಚಿದ ನಾಯಿಗೆ ಮಾಲಕರಿದ್ದರೆ ಅವರ ಬಾಗಿಲಲ್ಲೇ ಹತ್ತು ದಿನ ಸರಪಳಿ. ಮಾಲಕರಿಲ್ಲದಿದ್ದರೆ ಗಾಡಿಯವರು ಹಿಡಿದು ಒಯ್ಯುತ್ತಾರೆ.

ಈ ನಾಯಿ ಮರಿಯಿದ್ದಾಗ ತಂದು ಬಿಟ್ಟವನು ಗೋಡೌನಿನ ಶೇಠ್. ಈಗ ಘೋಡಬಂದರ್ ರಸ್ತೆಯ ಮನೆಯಿಂದ ಫೋನಿನಲ್ಲಿ, ನಾಯಿ ನನ್ನದಲ್ಲ, ಬೀದಿಯದು ಎಂದ. ಹಾಗಾದರೆ ನಾಳೆ ಗಾಡಿ ಎಂದರು ಗ್ರಾಮಸೇವಕ ವಿಕಾಸ್ ಭಾವು. ಎಲ್ಲಿಗೆ ಒಯ್ಯುತ್ತಾರೆ ಎಂದು ಕೇಳಿದೆ. ದೂರ ಎಂದರು.

ದೂರ ಒಯ್ದರೆ ಬದುಕಿದೆಯೋ ಸತ್ತಿದೆಯೋ ನನಗೆ ಹೇಳುವವರು ಯಾರು... ಬಾಯಿಂದ ಬಂದೇಬಿಟ್ಟಿತು — ನಾಯಿ ನನ್ನದು.

ವಿಕಾಸ್ ಭಾವು ಪೆನ್ನು ಕೆಳಗಿಟ್ಟರು. ದೂರು ಕೊಟ್ಟವಳೂ ನೀನೇ, ಮಾಲಕಿಯೂ ನೀನೇ, ನೋಟೀಸು ಯಾರ ಕೈಗೆ ಕೊಡಲಿ ಬಾಯಿ, ಎಂದು ಹಿಂದಿಯಲ್ಲಿ ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು. ಸಹಿ ಹಾಕಿದೆ. ಚಂದ್ರಬಾಯಿ ಸೈದಪ್ಪ. ‘ಪ್ಪ’ ಸೊಟ್ಟಗಾಯಿತು.

೧೨, ಬುಧವಾರ

ಎರಡನೇ ಸೂಜಿ ಆಯಿತು. ಶಹಾಡ್ ಪೇಟೆಯಿಂದ ಇವರು ಸರಪಳಿ ತಂದು ನಾಯಿಯನ್ನು ಬಾಗಿಲ ಮುಂದಿನ ಬೇವಿನ ಮರಕ್ಕೆ ಕಟ್ಟಿದ್ದಾರೆ. ನಾನು ಬಡಿಗೆಯಿಂದ ತಾಟು ಮುಂದೆ ತಳ್ಳುತ್ತೇನೆ. ರೊಟ್ಟಿ ತಿಂದಿತೇ, ನೀರು ಕುಡಿಯಿತೇ, ಜೊಲ್ಲು ಸುರಿಯುತ್ತಿದೆಯೇ. ದಿನಕ್ಕೆ ಹತ್ತು ಸಲ ನೋಡುತ್ತೇನೆ.

ಇವರು ಗೋಡೆಗೆ ಒರಗಿ, "ನಾ ಉಣ್ಣೂಮುಂದ ಒಂದಿನಾನೂ ಹಿಂಗ ನೋಡಿಲ್ಲ ನೀ," ಎಂದರು.

೧೫, ಶನಿವಾರ

ಎರಡು ದಿನ ಬರೆಯಲಾಗಲಿಲ್ಲ. ಬಾಗಿಲಲ್ಲೇ ಕೂತಿದ್ದೆ. ಪಕ್ಕದ ಖೋಲಿಯ ಭೀಮು ಅದಕ್ಕೆ ವಿಷ ಹಾಕುವ ಮಾತಾಡುತ್ತಿದ್ದಾನೆ. ಅವನದೂ ತಪ್ಪಲ್ಲ. ಅವನ ಕೂಸು ಈಗಷ್ಟೇ ನಡೆಯಲು ಕಲಿತಿದೆ, ಇದೇ ಅಂಗಳದಲ್ಲಿ. ಮಂಗಳವಾರ ಸಂಜೆ ತನಕ ಬಿಡಪ್ಪಾ ಎಂದೆ.

"ಆಮ್ಯಾಲ, ಅಕ್ಕಾ?"

"ಆಮ್ಯಾಲ ಗಾಡಿಗಿ ಕೊಡ್ತೀನಿ."

ಹೇಳಿಬಿಟ್ಟೆ.

೧೬, ರವಿವಾರ

ಮೂರನೇ ಸೂಜಿ. ಇನ್ನು ಹೆದರಬೇಡಿ ಎಂದರು ಸಿಸ್ಟರ್. ಬಂದು ನೋಡಿದರೆ ನಾಯಿ ಎದ್ದು ನಿಂತಿತ್ತು. ತಾಟು ಕೈಯಿಂದಲೇ ಅದರ ಮುಂದೆ ಇಟ್ಟೆ. ಬಡಿಗೆ ಮರೆತಿದ್ದೆ, ತಿಂದಾದ ಮೇಲೆ ನೆನಪಾಯಿತು. ಹೆದರಿಕೆ ಆಗಬೇಕಿತ್ತು...

೧೭, ಸೋಮವಾರ

ವಿಕಾಸ್ ಭಾವು ಬಂದು ನೋಡಿ, ತಂದುರುಸ್ತ್ ಇದೆ, ರೋಗವಿಲ್ಲ ಎಂದು ಬರೆದುಕೊಂಡರು. ಶನಿವಾರದಿಂದ ಬೆರಳು ಮಡಚಿ ಎಣಿಸಿ, ಇವತ್ತಿಗೇ ಹತ್ತು ಎಂದರು. ಕಚ್ಚಿದ್ದು ಸಂಜೆ, ಹತ್ತು ತುಂಬುವುದು ನಾಳೆ ಸಂಜೆ ಎಂದೆ. ಆಗಲಿ, ನಾಳೆ ಸಂಜೆಗೇ ಗಾಡಿ ಎಂದರು. ನಾಯಿ ಬಿಟ್ಟುಕೊಡುವ ಕಾಗದ ಕೊಟ್ಟು ಹೋದರು. ಸಹಿ ಮಾಡಿಡು ಎಂದಿದ್ದಾರೆ. ಇಟ್ಟುಕೊಳ್ಳುವುದಾದರೆ ಲೈಸೆನ್ಸು, ಲಸಿಕೆ, ಸುತ್ತ ಬೇಲಿ, ಮೂರೂ ಬೇಕಂತೆ. ಬಾಡಿಗೆ ಖೋಲಿಯವಳಿಗೆ ಬೇಲಿ ಎಲ್ಲಿಯದು.

೧೮, ಮಂಗಳವಾರ. ಸಂಜೆ ೫.೪೦

ಗಾಡಿ ಡಾಂಬರು ರಸ್ತೆಯಲ್ಲಿ ನಿಂತಿದೆ. ಭೀಮು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿದ್ದಾನೆ. ಅವನಿಗೆ ಕೊಟ್ಟ ಮಾತು ಮಾತೇ. ನನ್ನ ಭಯವೂ ಹೋಗಿದೆ, ಸುಳ್ಳು ಯಾಕೆ ಬರೆಯಲಿ. ನಾಯಿ ರೊಟ್ಟಿ ತಿನ್ನುತ್ತಿದೆ. ಕಾಗದ ಮಡಿಲಲ್ಲಿದೆ, ಸಹಿ ಹಾಕಿಲ್ಲ. ಇವರು ಎರಡು ಸಲ ಕರೆದರು.

ಮಲ್ಲಿಕಾಗೆ ಹೇಳಿದೆ, ವಿಕಾಸ್ ಭಾವುಗೆ ಫೋನ್ ಹಚ್ಚು. ನಾಯಿ ಕಡದದ್ದು ಆರಕ್ಕೋ ಏಳಕ್ಕೋ, ರಜಿಸ್ಟರಿನಾಗ ಇನ್ನೊಂದ್ ಸಲ ನೋಡ್ರಿ, ಏಳಾಗಿದ್ರ ಗಾಡಿ ಏಳರ ತನಕ ನಿಲ್ಲಬೇಕು ಅನ್ನು —