ಎರಡು ಕಡೆಯಿಂದ ಖಚಿತವಾದ ಸುದ್ದಿ

ನಿನ್ನ ಸೋದರತ್ತೆಯ ಮನೆ
ಗುರುವಾರ, ಬೆಳಿಗ್ಗೆ

ಪ್ರೀತಿಯ ಚಿಕ್ಕೋನೇ,

ಗಂಟಲು ಹೇಗಿದೆ? ದಿನಾ ಸ್ಟುಡಿಯೋದಲ್ಲಿ ಕೂತು ಅಷ್ಟು ಕಿರುಚಿದರೆ ಹಾಳಾಗದೆ ಇನ್ನೇನಾಗುತ್ತದೆ? ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಆಸ್ಪತ್ರೆಗೆ ಬಂದ ದಿನ ಹಾಕಿಕೊಂಡಿದ್ದ ನೀಲಿ ಕೋಟು ಭುಜದ ಹತ್ತಿರ ಜೋತುಬಿದ್ದಿತ್ತು. ಇಳಿದುಹೋಗಿದ್ದೀಯ, ಹೊತ್ತುಹೊತ್ತಿಗೆ ಉಣ್ಣು. ಅಮ್ಮ ಫೋನ್ ಎತ್ತುತ್ತಿಲ್ಲವೆಂದು ಬೈದುಕೊಂಡಿರುತ್ತೀಯ. ಅಪ್ಪನನ್ನು ಯಾರಿಗೂ ಹೇಳದೆ ಇಲ್ಲಿಗೆ ಕರೆತಂದ ದಿನವೇ ಅದನ್ನು ಆರಿಸಿ ಹಿಟ್ಟಿನ ಡಬ್ಬಿಯೊಳಗೆ ಇಟ್ಟಿದ್ದೇನೆ. ನಿಮ್ಮತ್ತೆಯ ಮನೆಯಲ್ಲಿ ಟಿವಿ ಇಲ್ಲ. ಅದಕ್ಕೇ ಇಲ್ಲಿಗೆ ಬಂದದ್ದು.

ನಿಮ್ಮಣ್ಣ ಮಾಡಿದ್ದು ನಿನಗೆ ಗೊತ್ತೇ ಇದೆ; ನಿನ್ನ ಚಾನೆಲ್‌ನಲ್ಲಿ ಅದನ್ನು ನೂರು ಸಲ ತೋರಿಸಿದೆಯಲ್ಲ. ಅಪ್ಪನನ್ನು ಸ್ಕ್ಯಾನಿಗೆ ಕರೆದುಕೊಂಡು ಹೋಗಿದ್ದರು. ದೊಡ್ಡೋನ ವರದಿಗಾರ ವಾರ್ಡಿಗೆ ಇಣುಕಿದಾಗ ಹಾಸಿಗೆ ಖಾಲಿ, ಆಯಾ ಹೊದಿಕೆ ಬದಲಿಸುತ್ತಿದ್ದಳು. ಅಷ್ಟಕ್ಕೇ ಅಪ್ಪ ಸತ್ತರೆಂದು ಅವನ ಚಾನೆಲ್‌ನಲ್ಲಿ ಹೇಳಿಬಿಟ್ಟರು. ನಾನು ಎರಡು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದರೆ ನಿಮ್ಮಣ್ಣ ಏನೆಂದ ಗೊತ್ತೇ? "ನಿನ್ನ ಕೇಳಿದ್ರೆ ಅವನಿಗೂ ಗೊತ್ತಾಗ್ಬಿಡೋದಲ್ಲಮ್ಮ." ಅವನು ಅಂದರೆ ನೀನು. ಅಪ್ಪನ ಜೀವನಚರಿತ್ರೆಯ ಕಾರ್ಯಕ್ರಮವನ್ನು ತಿಂಗಳ ಹಿಂದೆಯೇ ಸಿದ್ಧ ಮಾಡಿಟ್ಟಿದ್ದನಂತೆ, ಮಗನಾಗಿ ಅಷ್ಟಾದರೂ ಮಾಡಬೇಡವೇ ಎಂದ.

ಮೂವತ್ತು ವರ್ಷ ಸುದ್ದಿ ಓದಿದ ಮನುಷ್ಯ ಗಾಲಿಕುರ್ಚಿಯಲ್ಲಿ ವಾಪಸು ಬಂದು, ವಾರ್ಡಿನ ಗೋಡೆಯ ಟಿವಿಯಲ್ಲಿ ತನ್ನ ಸಾವನ್ನು ತಾನೇ ನೋಡಿದರು. ನಾನು ರಿಮೋಟ್ ಹುಡುಕತೊಡಗಿದೆ. ಅವರು ಮಾತ್ರ, "ಹಳೇ ಫೋಟೋ ಹಾಕಿದಾರೆ ನೋಡೇ, ತಲೆ ತುಂಬ ಕೂದ್ಲು" ಎಂದು ನಕ್ಕರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿ, "ಎರಡು ಕಡೆ ವಿಚಾರಿಸ್ಬೇಕಿತ್ತು" ಎಂದರು. ಎರಡು ಕಡೆಯಿಂದ ಖಚಿತವಾಗದೆ ಯಾರನ್ನೂ ಸಾಯಿಸಬಾರದು ಎಂದು ಊಟಕ್ಕೆ ಕೂತಾಗಲೆಲ್ಲ ನಿಮ್ಮಿಬ್ಬರಿಗೂ ಹೇಳಿಕೊಟ್ಟದ್ದು ಅವರೇ. ನೀವು ಅನ್ನವನ್ನಷ್ಟೇ ನುಂಗಿದಿರಿ.

ಅಷ್ಟರಲ್ಲಿ ನೀನು ಓಡಿಬಂದೆ. ಸದ್ಯ, ಒಬ್ಬನಾದರೂ ಬಂದನಲ್ಲ ಎಂದು ನನ್ನ ಹೊಟ್ಟೆ ತಣ್ಣಗಾಯಿತು. ಎದ್ದು ನಿನ್ನ ಕಡೆ ಕೈ ಚಾಚಿದೆ. ನೀನು, "ಅಮ್ಮ, ಸ್ವಲ್ಪ ಪಕ್ಕಕ್ಕೆ, ಅಡ್ಡ ಬರ್ತಿದೀಯ" ಎಂದೆ. ನಿನ್ನ ಹಿಂದೆ ಕ್ಯಾಮೆರಾ ಇತ್ತು. ಅಪ್ಪನ ಮುಖದಿಂದ ಆಕ್ಸಿಜನ್ ಮಾಸ್ಕ್ ತೆಗೆದದ್ದು ನಿನ್ನ ಕೈಯೇ, ಒಂದೇ ನಿಮಿಷ ಎಂದು. "ನಾನು ಬದುಕಿದ್ದೇನೆ" ಎಂದು ಅವರು ಏದುಸಿರಲ್ಲಿ ಹೇಳಿದರು. ಸರಿಯಾಗಿ ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಹೇಳಿದರು. "ಸ್ವಲ್ಪ ನಗ್ತಾ ಹೇಳಿ ಅಪ್ಪ" ಎಂದೆ. ಕ್ಯಾಮೆರಾ ಕಂಡರೆ ಬೆನ್ನು ನೆಟ್ಟಗೆ ಮಾಡುವ ಅಭ್ಯಾಸ ಅವರದ್ದು. ಮೂರನೆಯ ಸಲ ಎಷ್ಟು ಚೆನ್ನಾಗಿ ಹೇಳಿದರೆಂದರೆ ನಿನ್ನ ಕ್ಯಾಮೆರಾದವನೇ ಕಣ್ಣೊರೆಸಿಕೊಂಡ. ನೀನು ಗಡಿಯಾರ ನೋಡಿಕೊಂಡು ಹೊರಟೆ. ಮಾಸ್ಕನ್ನು ಮತ್ತೆ ಹಾಕಿದ್ದು ನಾನು. ಆವತ್ತು ಕೆಟ್ಟ ಉಸಿರು ಮತ್ತೆ ಸರಿಹೋಗಲಿಲ್ಲ. ಮಾರನೆಯ ದಿನ ನಿಮ್ಮ ಕಚೇರಿಯಿಂದ ಹೂಗುಚ್ಛ ಬಂತು, ಚಾನೆಲ್ ಮೊದಲ ಸ್ಥಾನಕ್ಕೆ ಏರಿದ್ದಕ್ಕೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಕೂಸುಗಳ ಜಗಳದಲ್ಲಿ ನನ್ನ ಗಂಡ ಬಡವಾದರು.

ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದಾಗ ಅಪ್ಪ ಕೇಳಿದ್ದು ಒಂದೇ: ಇಬ್ಬರೂ ಒಟ್ಟಿಗೆ ಬರಲಿ, ಕ್ಯಾಮೆರಾ ಇಲ್ಲದೆ ಕೈ ಬೀಸಿಕೊಂಡು ಬರಲಿ. ಇಬ್ಬರಿಗೂ ಫೋನ್ ಮಾಡಿದೆ. ದೊಡ್ಡೋನು ಮೊದಲು ಕೇಳಿದ್ದು, "ಅವನಿಗೆ ಹೇಳಿದ್ಯಾ?" ನೀನು ಮೊದಲು ಕೇಳಿದ್ದೂ ಅದೇ. ನೀನಂತೂ, "ಅಣ್ಣನಿಗೆ ಈಗ್ಲೇ ಹೇಳ್ಬೇಡಮ್ಮ" ಎಂದು ಬೇಡಿಕೊಂಡೆ. ಫೋನು ಸ್ಪೀಕರಿನಲ್ಲಿತ್ತು, ಅಪ್ಪ ಎಲ್ಲ ಕೇಳಿಸಿಕೊಂಡರು. "ಬಿಡು, ಇಬ್ರಿಗೂ ಹೇಳ್ಬೇಡ" ಎಂದರು. ಅವರ ಮಾತನ್ನು ನಾನು ಯಾವತ್ತೂ ಮೀರಿದವಳಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ನಾನು ಎರಡು ಹೆತ್ತೆ, ಮುದ್ದು ಮಾತ್ರ ಮುಗಿದುಹೋಗಿದೆ.

ನಿನ್ನ ಹೆಂಡತಿಗೂ ಮಗನಿಗೂ ನನ್ನ ನೆನಪು ಹೇಳು. ಮಗ ನಿನ್ನ ಹಾಗೆಯೇ ಚುರುಕಾಗಿದ್ದಾನೆ. ನೂರು ಕಾಲ ಬಾಳು. ನಿನಗೆ ಉಸಿರು ಕಟ್ಟುವ ದಿನ ಅವನೂ ನಿನ್ನ ಹತ್ತಿರ ಹೀಗೆಯೇ ಓಡಿಬರಲಿ.

ಇಂತಿ,
ಪಕ್ಕಕ್ಕೆ ಸರಿದು ನಿಂತ
ನಿನ್ನ ಅಮ್ಮ

ಮರೆತಿದ್ದೆ: ಅಪ್ಪ ಸೋಮವಾರ ಮಧ್ಯಾಹ್ನ ಹೋದರು. ಎರಡು ಕಡೆಯಿಂದ ಖಚಿತ. ಇಲ್ಲಿಯ ಡಾಕ್ಟರು ಹೇಳಿದರು, ನಾನೂ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಸಂಜೆಯೇ ನಾನೂ ನಿಮ್ಮತ್ತೆಯೂ ಎಲ್ಲ ಮುಗಿಸಿದೆವು. ಚಿತ್ರ ತೆಗೆಯಲು ಏನೂ ಉಳಿದಿಲ್ಲ. ದೊಡ್ಡೋನಿಗೂ ಒಂದು ಬರೆದಿದ್ದೇನೆ, ಎರಡನ್ನೂ ಈಗ ಒಂದೇ ಅಂಚೆಡಬ್ಬಿಗೆ ಹಾಕಿ ಬರುತ್ತೇನೆ. ಅಂಚೆಯವನು ಯಾರ ಮನೆಗೆ ಮೊದಲು ಬರುತ್ತಾನೋ ಅವನು ಗೆದ್ದ.